ಮಮತೆಯಿಂದ ಕಟ್ಟಿಸಿಕೊಟ್ಟ ಮನೆ

ಅಚ್ಚಜ್ಜಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಮನೆಯ ಮುಂದಿನ ಗೋಡೆ ಕಿರ್ರೆಂದು ಅರಚಿತು. ಒದ್ದೆ ಕೈಯಲ್ಲೇ ಸುತ್ತಿ ಬಂದು ನೋಡಿದರೆ, ಇಬ್ಬರು ಗಂಡಸರು ಏಣಿ ಹಾಕಿಕೊಂಡು ಬಾಗಿಲ ಪಕ್ಕದಲ್ಲಿ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದಾರೆ. ಕೆಂಪು ಪುಡಿ ಮೆಟ್ಟಿಲ ಮೇಲೆಲ್ಲ ಉದುರಿದೆ.

"ಯಾರನ್ನ ಕೇಳಿ ಗೋಡೆ ಕೊರೀತಿದ್ದೀರಪ್ಪ?"

"ನಗರಸಭೆಯಿಂದ ಅಜ್ಜಿ. ನಿಮ್ಮನೆಗೆ ಬೋರ್ಡು ಬಂದಿದೆ. ಪಾರಂಪರಿಕ ಕಟ್ಟಡ ಅಂತ."

"ಏನು ಬಂದಿದೆ ಅಂತ ಕೇಳ್ಲಿಲ್ಲ. ಯಾರನ್ನ ಕೇಳಿದ್ರಿ ಅಂತ ಕೇಳ್ದೆ."

ಏಣಿಯ ಮೇಲಿದ್ದವನು ಇನ್ನೊಂದು ತೂತಿಗೆ ಡ್ರಿಲ್ಲು ಒತ್ತಿದ. "ಇಟ್ಟಿಗೆಗೆ ಯಾಕೋ ಚುಚ್ತೀಯ? ಸಂದಿಯ ಗಾರೇಲಿ ಹಾಕು, ಹಿಡ್ಕೊಳುತ್ತೆ" ಎಂದು ಅಜ್ಜಿ ಕೆಳಗಿನಿಂದಲೇ ಬೈದಳು. ಅವನು ಕೇಳಲಿಲ್ಲ. ಹಿತ್ತಾಳೆ ಬಣ್ಣದ ಫಲಕವೊಂದನ್ನು ನಾಲ್ಕು ತಿರುಪು ಮೊಳೆಯಿಂದ ಕೂರಿಸಿ, ಸಹಿ ಹಾಕಿಸಿಕೊಳ್ಳಬೇಕು ಎಂದು ಕಾಗದ ಚಾಚಿದ. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಎದುರುಮನೆಯ ದರ್ಜಿ ಕನ್ನಡಕ ಹಣೆಗೇರಿಸಿಕೊಂಡು ಬೀದಿಯಿಂದಲೇ ಮೇಲಿನ ದಪ್ಪ ಸಾಲನ್ನು ಓದಿ ಹೇಳಿದ: "ಪಾರಂಪರಿಕ ಕಟ್ಟಡ, ಸಂಖ್ಯೆ ಹದಿನೇಳು. ಅಜ್ಜಿ, ನಿಮ್ಮನೆ ಗೆದ್ದುಬಿಡ್ತು ನೋಡಿ." ಕೆಳಗಿನ ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತಲಿಲ್ಲ. ಅಜ್ಜಿಗೆ ಕೋಪ ಸ್ವಲ್ಪ ಇಳಿಯಿತು. ಇಳಿದದ್ದಷ್ಟೇ ಅಲ್ಲ, ಒಳಗೊಳಗೇ ಹಿಗ್ಗೂ ಆಯಿತು. ಮೆಟ್ಟಿಲ ಮೇಲಿನ ಪುಡಿ ಗುಡಿಸಿ, ಫಲಕವನ್ನು ಸೆರಗಿನಲ್ಲಿ ಒರೆಸಿ, ಮಧ್ಯಾಹ್ನವಿಡೀ ಬಾಗಿಲಲ್ಲೇ ಕುಳಿತಳು. ಹೋಗುವವರು ಬರುವವರು ನಿಂತು ನೋಡಿದರು. ನೋಡಲಿ ಎಂದೇ ಅವಳು ಕುಳಿತದ್ದು.

ನಾಲ್ಕು ಗಂಟೆಗೆ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಿಂದ ಕೆಲಸ ಮುಗಿಸಿ ಬಂದಳು. ಚೀಲ ಹೆಗಲಲ್ಲಿದ್ದಂತೆಯೇ ಫಲಕದ ಮುಂದೆ ನಿಂತು ಓದತೊಡಗಿದವಳು ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು.

"ಜೋರಾಗಿ ಓದೇ."

"ಒಳಗೆ ಹೋಗೋಣ ಬಾಮ್ಮ."

"ಇಲ್ಲೇ ಓದು."

ಮಗಳು ಓದಿದಳು: "ಇಟ್ಟಿಗೆ ಉದ್ಯಮದ ಹಿರಿಯ ಯಜಮಾನರು ತಮ್ಮ ಕೆಲಸಗಾರರ ಮೇಲಿನ ಮಮತೆಯಿಂದ ಕಟ್ಟಿಸಿಕೊಟ್ಟ ಮನೆ. ಬಗೆಬಗೆಯ ಬಣ್ಣಗಳ ಆಯ್ದ ಇಟ್ಟಿಗೆಗಳ ಕಲಾತ್ಮಕ ಜೋಡಣೆ ಇದರ ವೈಶಿಷ್ಟ್ಯ."

"ಇನ್ನೊಂದು ಸಲ."

ಮಗಳು ಇನ್ನೊಂದು ಸಲ ಓದಿದಳು.

"ಮಮತೆಯಿಂದ?"

"ಹಾಗೇ ಬರೆದಿದ್ದಾರೆ."

ಅಜ್ಜಿ ಎದ್ದು ನಿಂತಳು. ಎಪ್ಪತ್ತನಾಲ್ಕರ ಮಂಡಿ ಒಂದೇ ಏಟಿಗೆ ನೆಟ್ಟಗಾಯಿತು. "ಆಯ್ದ ಇಟ್ಟಿಗೆ ಅಂತೆ. ಆಯ್ದದ್ದು ನಿಜ ಕಣೇ. ತಿಪ್ಪೆಯಿಂದ ಆಯ್ದದ್ದು. ಆಯ್ದೋಳು ನಾನು."

ಫಲಕವನ್ನು ಒರೆಸಿದ ಸೆರಗನ್ನೇ ಅವಳು ಕೊಡವಿಕೊಂಡಳು, ಏನೋ ಅಂಟಿಕೊಂಡಿದೆಯೇನೋ ಎಂಬಂತೆ.

ಆ ಮನೆ ಹೇಗೆ ಎದ್ದಿತೆಂಬುದನ್ನು ಇಲ್ಲಿ ಹೇಳಬೇಕು. ಫಲಕ ಬರೆದವರು ಕೇಳಲಿಲ್ಲ, ನಾವಾದರೂ ಕೇಳಬೇಕಲ್ಲ.

ಅಚ್ಚಜ್ಜಿ ಅಜ್ಜಿಯಾಗುವ ಮೊದಲು ಇಟ್ಟಿಗೆ ಗೂಡಿನಲ್ಲಿ ಅಚ್ಚು ಹಾಕುವ ಹೆಂಗಸಾಗಿದ್ದಳು. ಹೆಸರು ಬಂದದ್ದೇ ಅದರಿಂದ. ತುಳಿದು ಹದಮಾಡಿದ ಮಣ್ಣಿನ ಮುದ್ದೆಯನ್ನು ಮರದ ಅಚ್ಚಿಗೆ ಬಡಿದು, ಮೇಲಿನದನ್ನು ತಂತಿಯಿಂದ ಸವರಿ, ಬಯಲಿನಲ್ಲಿ ಕವುಚಿ ಹಾಕುವುದು. ಸೂರ್ಯ ಹುಟ್ಟುವ ಮೊದಲು ಬಗ್ಗಿದರೆ ನೆರಳು ಕಾಲಡಿಗೆ ಬರುವವರೆಗೆ ಸೊಂಟ ಎತ್ತುವಂತಿರಲಿಲ್ಲ. ಗಂಡ ಅದೇ ಗೂಡಿನಲ್ಲಿ ಬೆಂಕಿ ನೋಡಿಕೊಳ್ಳುವವನು. ಹೊಗೆಯ ಬಣ್ಣ ನೋಡಿಯೇ ಒಳಗಿನ ಇಟ್ಟಿಗೆ ಎಷ್ಟು ಬೆಂದಿದೆ ಎಂದು ಹೇಳುತ್ತಿದ್ದ. ಗಂಡನ ತಮ್ಮ ಗಾರೆ ಕೆಲಸದ ಮೇಸ್ತ್ರಿ. ಊರಿನ ಬೇರೆಯವರಿಗೆಲ್ಲ ಮನೆ ಕಟ್ಟಿಕೊಟ್ಟು ತಾನು ತಗಡಿನ ಸೂರಿನಡಿ ಮಲಗುತ್ತಿದ್ದವನು.

ಗೂಡಿನಲ್ಲಿ ಪ್ರತಿ ಅಚ್ಚಿನವಳಿಗೂ ಒಂದು ಗುರುತು. ಹಸಿ ಇಟ್ಟಿಗೆಯ ಮೇಲ್ಮೈಯಲ್ಲಿ ಬೆರಳಿನಿಂದ ಒತ್ತಬೇಕು. ಯಾರ ಇಟ್ಟಿಗೆ ಸೀಳಿತು, ಯಾರದು ಸೊಟ್ಟಗಾಯಿತು ಎಂದು ಗುಮಾಸ್ತನಿಗೆ ಗೊತ್ತಾಗಲಿ ಅಂತ. ಇವಳ ಗುರುತು ಕಿರುಬೆರಳಿನ ಕುಳಿ, ಎರಡು ತುದಿಗೂ ಒಂದೊಂದು. ಸುಟ್ಟು ಹೊರಗೆ ಬಂದಾಗ ಯಾವುದು ಸರಿಯಿಲ್ಲವೋ ಅದಕ್ಕೆ ಕೂಲಿ ಇಲ್ಲ. ಬೆಂಕಿ ಹೆಚ್ಚಾಗಿ ಕರಕಾದರೂ ಕೂಲಿ ಇಲ್ಲ, ಕಡಿಮೆಯಾಗಿ ಬಿಳಚಿಕೊಂಡರೂ ಇಲ್ಲ. ಅಂಥದ್ದನ್ನೆಲ್ಲ ಹಿಂದಿನ ಹೊಂಡಕ್ಕೆ ಎಸೆಯುತ್ತಿದ್ದರು.

ಇವಳಿಗೆ ಅಲ್ಲೇ ಒಂದು ಪ್ರಶ್ನೆ ಎದ್ದಿತು. ಒಂದು ಸಂಜೆ ಗಂಡನನ್ನು ಕೇಳಿದಳು: "ಕೂಲಿ ಕೊಡದ ಇಟ್ಟಿಗೆ ಯಾರದ್ದು?"

"ಯಜಮಾನರದ್ದು."

"ಅವ್ರು ಕೊಂಡಿಲ್ವಲ್ಲ."

"ಮಣ್ಣು ಅವರದ್ದು."

"ಮಣ್ಣು ಹೊಂಡದಲ್ಲಿದ್ದಾಗ ಅವರದ್ದು. ನಾನು ತುಳಿದು ಅಚ್ಚಿಗೆ ಹಾಕಿ, ಅವ್ರು ಬೇಡ ಅಂತ ಎಸೆದ ಮೇಲೆ?"

ಗಂಡ ತಲೆ ಕೆರೆದುಕೊಂಡ. ಅವನ ತಾಯಿಗೆ ಬಂದಿದ್ದ ಇಪ್ಪತ್ತಡಿಗೆ ಮೂವತ್ತಡಿ ಜಾಗವೊಂದು ಬೀದಿಯ ಕೊನೆಯಲ್ಲಿ ಖಾಲಿ ಬಿದ್ದಿತ್ತು. ಮರುದಿನದಿಂದ ಇವಳ ಊಟದ ಬುಟ್ಟಿಯಲ್ಲಿ ದಿನಕ್ಕೆ ಎರಡು ಇಟ್ಟಿಗೆ ಮನೆಯ ಕಡೆ ಹೊರಟವು. ತನ್ನ ಗುರುತಿದ್ದದ್ದು ಮಾತ್ರ. ಪಕ್ಕದವಳ ಗುರುತಿನ ಇಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಮುಟ್ಟುತ್ತಿರಲಿಲ್ಲ. ಅವಳಿಗೂ ಕಟ್ಟಿಕೊಳ್ಳುವ ಆಸೆ ಇರಬಹುದು.

ಹೀಗೆ ಒಂಬತ್ತು ವರ್ಷ. ವಾರದ ರಜೆಯ ದಿನ ಮೈದುನ ಕರಣೆ ಹಿಡಿದು ಬರುತ್ತಿದ್ದ. ಮಳೆ ಪಡುವಣದಿಂದ ಹೊಡೆಯುತ್ತದೆ ಎಂದು ಗಂಡ ಕರಕಲು ಇಟ್ಟಿಗೆಗಳನ್ನೆಲ್ಲ ಆ ಕಡೆಯ ಗೋಡೆಗೆ ಕೊಡಿಸಿದ. ಬೆಂಕಿಗೆ ತೀರ ಹತ್ತಿರವಿದ್ದು ಗಾಜಿನಂತೆ ಕರಗಿ ಕಪ್ಪಾದ ಇಟ್ಟಿಗೆ ನೀರು ಕುಡಿಯುವುದಿಲ್ಲ. ಬಿಳಚು ಇಟ್ಟಿಗೆ ನೀರು ಕುಡಿಯುತ್ತದೆ, ಅದು ಒಳಗಿನ ಗೋಡೆಗೆ. ಸೊಟ್ಟನೆಯವನ್ನು ಮೈದುನ ಒಂದರ ಡೊಂಕಿಗೆ ಇನ್ನೊಂದರ ಡೊಂಕು ಕೂರಿಸಿ ವರಸೆ ಕಟ್ಟಿದ. ಬಾಗಿಲು ಕಿಟಕಿಗಳ ಮೇಲೆ ಅಡ್ಡ ಮರ ಕೊಳ್ಳುವ ತ್ರಾಣವಿರಲಿಲ್ಲ. ಅದಕ್ಕೆ ಕಮಾನು. ಬಾಗಿಲ ಜಾಗದಲ್ಲಿ ಗಾರೆಯಿಲ್ಲದೆ ಬರೀ ಇಟ್ಟಿಗೆ ಪೇರಿಸಿ, ಮೇಲೆ ಮಣ್ಣಿನ ಗುಡ್ಡೆ ಮಾಡಿ, ಅದರ ಬೆನ್ನ ಮೇಲೆ ಕಮಾನು ಕಟ್ಟಿ, ಒಣಗಿದ ಮೇಲೆ ಕೆಳಗಿನದನ್ನು ಎಳೆದು ಹಾಕಿದರು. ಕಮಾನು ನಿಂತಿತು. ಆ ಬಾಗಿಲಿನಿಂದ ಮೊದಲು ಒಳಗೆ ಹೋದದ್ದು ತಾನೇ ಎಂದು ಮೈದುನ ಇವತ್ತಿಗೂ ಹೇಳುತ್ತಾನೆ. ಬೀಳುವುದಾದರೆ ಅತ್ತಿಗೆಯ ಮೇಲೆ ಬೀಳದಿರಲಿ ಎಂದು.

ಒಂಬತ್ತನೆಯ ವರ್ಷ ಗೂಡಿನ ಗೇಟಿನಲ್ಲಿ ದೊಡ್ಡ ಯಜಮಾನರೇ ನಿಂತಿದ್ದರು. ಬುಟ್ಟಿ ಇಳಿಸು ಎಂದರು. ಇಳಿಸಿದಳು. ಎರಡು ಇಟ್ಟಿಗೆ. ಒಂದು ಬಿರುಕು ಬಿಟ್ಟದ್ದು, ಒಂದು ಮೂಲೆ ಹೋದದ್ದು.

"ಕಳ್ಳತನಕ್ಕೂ ಕೆಟ್ಟದ್ದೇ ಬೇಕಾಯ್ತಾ?" ಎಂದು ಅವರು ಕೇಳಿದಾಗ ಸುತ್ತಲಿದ್ದವರು ನಕ್ಕರು. ನಗದೆ ಅವರಿಗೂ ವಿಧಿಯಿರಲಿಲ್ಲ.

ಮಧ್ಯಾಹ್ನದಿಂದ ಸಂಜೆ ಗಂಟೆ ಬಾರಿಸುವವರೆಗೆ ಆ ಎರಡು ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಗೇಟಿನಲ್ಲಿ ನಿಲ್ಲಬೇಕೆಂದು ಅಪ್ಪಣೆಯಾಯಿತು. ನಿಂತಳು. ಆಗ ಹೊಟ್ಟೆಯಲ್ಲಿ ಮಗಳಿದ್ದಳು, ನಾಲ್ಕು ತಿಂಗಳು. ಗಂಡ ಬೆಂಕಿ ಬಿಟ್ಟು ಬರುವಂತಿರಲಿಲ್ಲ. ಅವನಿಗೆ ವಿಷಯ ತಿಳಿದದ್ದೇ ಸಂಜೆ. ನಾಳೆಯಿಂದ ಇಬ್ಬರೂ ಈ ಗೂಡಿನ ಕಡೆ ತಲೆ ಹಾಕುವುದು ಬೇಡ ಎಂದು ಹಲ್ಲು ಕಡಿದ. ಇವಳು ಒಪ್ಪಲಿಲ್ಲ. "ಬಿಟ್ಟುಹೋದ್ರೆ ಬಡಗಣ ಗೋಡೆ ಯಾವುದ್ರಲ್ಲಿ ಕಟ್ತೀಯ? ನಿನ್ನ ಸಿಟ್ಟಲ್ಲಾ?"

ಅಂದಿನಿಂದ ಗೂಡಿನಲ್ಲಿ ಕೆಟ್ಟ ಇಟ್ಟಿಗೆಗಳನ್ನು ಸುತ್ತಿಗೆಯಿಂದ ಒಡೆದೇ ಎಸೆಯಬೇಕೆಂಬ ನಿಯಮ ಬಂತು. ಚೂರುಗಳನ್ನು ಗಾಡಿಯಲ್ಲಿ ತಂದು ರಸ್ತೆಯ ಗುಂಡಿಗೆ ಸುರಿಯುತ್ತಿದ್ದರು. ರಸ್ತೆ ಯಜಮಾನರದ್ದಲ್ಲವಲ್ಲ. ಇವಳು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಒಂದೊಂದು ತುಂಡನ್ನೂ ತಿರುವಿ ನೋಡಿ, ಕಿರುಬೆರಳಿನ ಕುಳಿ ಇದ್ದರೆ ಮಾತ್ರ ಎತ್ತಿಕೊಂಡಳು. ಬಡಗಣ ಗೋಡೆ ಇಡಿಯಾಗಿ ಅಂಥ ಅರ್ಧ ತುಂಡುಗಳದ್ದು. ಅಡುಗೆಮನೆಯ ಮೂಡಣ ಗೋಡೆಗೆ ತುಂಡೂ ಸಾಲಲಿಲ್ಲ. ಹೆರಿಗೆಯ ದಿನ ಹತ್ತಿರ ಬಂದಿತ್ತು. ಮೈದುನ ಎರಡು ಇಟ್ಟಿಗೆಯ ನಡುವೆ ಒಂದೊಂದು ಕಂಡಿ ಬಿಟ್ಟು ಜಾಲರಿಯಂತೆ ಕಟ್ಟಿ ಮುಗಿಸಿದ. "ಅರ್ಧ ಇಟ್ಟಿಗೆ, ಅರ್ಧ ಗಾಳಿ ಅತ್ತಿಗೆ. ಗಾಳಿಗೆ ಯಾರೂ ಗೇಟಲ್ಲಿ ನಿಲ್ಲಿಸಲ್ಲ."

ಮನೆ ಕಥೆ ಇಷ್ಟು. ಇದರಲ್ಲಿ ಮಮತೆಯನ್ನು ಹುಡುಕಿ ತೆಗೆಯುವವರಿಗೆ ಒಳ್ಳೆಯ ಕಣ್ಣು ಬೇಕು.

ಮರುದಿನ ಬೆಳಿಗ್ಗೆ ಅಜ್ಜಿ ನಗರಸಭೆಯ ಮೆಟ್ಟಿಲು ಹತ್ತಿದಳು. ಮೂರು ಮೇಜು ದಾಟಿಸಿ ನಾಲ್ಕನೆಯ ಮೇಜಿನ ಗುಮಾಸ್ತನ ಮುಂದೆ ನಿಲ್ಲಿಸಿದರು.

"ಬೋರ್ಡಲ್ಲಿ ಸುಳ್ಳು ಬರೆದಿದ್ದೀರಿ. ಆ ಮನೆ ಕಟ್ಟಿದ್ದು ನಾವು" ಎಂದಳು.

"ನಾವು ಬರೆದದ್ದಲ್ಲ ಅಜ್ಜಿ. ಕಾಲೇಜಿನ ಮೇಡಂ ಒಬ್ರು ಅಧ್ಯಯನ ಮಾಡಿ ಕೊಟ್ಟಿದ್ದು. ನೀವು ಕಟ್ಟಿದ್ದು ಅನ್ನೋಕೆ ದಾಖಲೆ ಏನಿದೆ?"

"ಮನೆ ಇದೆ."

"ಮನೆ ದಾಖಲೆ ಆಗಲ್ಲ." ಅವನು ಕಡತ ತೆಗೆದು ಬೆರಳಾಡಿಸಿದ. "ಇಲ್ಲಿ ನಿಮ್ಮ ಜಾಗದ ಮೇಲೆ ಶೆಡ್ಡು ಅಂತಿದೆ. ಮನೆ ಅಂತಲೇ ಇಲ್ಲ."

"ಶೆಡ್ಡಿಗ್ಯಾಕಪ್ಪ ಹಿತ್ತಾಳೆ ಬೋರ್ಡು ಹಾಕಿದ್ರಿ?"

ಪಕ್ಕದ ಮೇಜಿನವಳು ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಗುಮಾಸ್ತ ಮಾತ್ರ ನಗಲಿಲ್ಲ. "ಈಗ ಏನೂ ಮಾಡೋಕಾಗಲ್ಲ. ಈ ಕಟ್ಟಡಗಳ ಮೇಲೆ ಮೇಡಂ ಬರೆದ ಪುಸ್ತಕವೂ ಅಚ್ಚಾಗಿಬಿಟ್ಟಿದೆ. ನಾಡಿದ್ದು ಬಿಡುಗಡೆ."

"ಅಚ್ಚಲ್ಲಿ ಸೊಟ್ಟ ಬಂದ್ರೆ ಹಸಿಯಿದ್ದಾಗಲೇ ಮುರಿದು ಮಣ್ಣಿಗೆ ಹಾಕ್ತಿದ್ವಿ ನಾವು" ಎಂದಳು ಅಚ್ಚಜ್ಜಿ. "ಮುರೀದೆ ಇದ್ರೆ ನಮಗೆ ಕೂಲಿ ಇರ್ತಿರ್ಲಿಲ್ಲ. ನಿಮಗೆ ಹೇಗೆ?"

ಕಾಲೇಜಿನ ಮೇಡಂ ಯಾರೆಂದು ಅವಳಿಗೆ ಈಗ ನೆನಪಾಯಿತು. ಹಿಂದಿನ ಬೇಸಿಗೆಯಲ್ಲಿ ಹತ್ತು ಹನ್ನೆರಡು ವಿದ್ಯಾರ್ಥಿಗಳ ಜೊತೆ ಮೂರು ದಿನ ಬಂದು ಮನೆ ಅಳೆದಿದ್ದಳು. ಟೇಪು ಹಿಡಿದರು, ಗೋಡೆಯ ಚಿತ್ರ ಬರೆದರು, ಸೂರು ಹತ್ತಬಹುದಾ ಎಂದು ಕೇಳಿದರು, ಕುಡಿಯಲು ನೀರು ಕೇಳಿದರು. ಮೂರು ದಿನದಲ್ಲಿ ಅಜ್ಜಿಯನ್ನು ಕೇಳಿದ್ದು ಅವೆರಡನ್ನೇ. ಮನೆಯ ಕಥೆಯನ್ನು ಮನೆಯವರನ್ನು ಬಿಟ್ಟು, ದೊಡ್ಡ ಯಜಮಾನರ ಮೊಮ್ಮಗನ ಗಾಜಿನ ಬಾಗಿಲಿನ ಆಫೀಸಿಗೆ ಹೋಗಿ ಕೇಳಿಕೊಂಡಿದ್ದರು. ಅಲ್ಲಿ ಕುರ್ಚಿ ಇತ್ತು, ಫ್ಯಾನಿತ್ತು, ಗೋಡೆಯ ಮೇಲೆ ತಾತನ ಫೋಟೋ ಇತ್ತು. ಕಥೆಗೆ ಇನ್ನೇನು ಬೇಕು.

ಪುಸ್ತಕ ಬಿಡುಗಡೆ ಗ್ರಂಥಾಲಯದ ಸಭಾಂಗಣದಲ್ಲಿ. ಅಜ್ಜಿ ಮಗಳನ್ನೂ ಮೈದುನನನ್ನೂ ಕರೆದುಕೊಂಡು ಹೋಗಿ ಮೂರನೆಯ ಸಾಲಿನಲ್ಲಿ ಕುಳಿತಳು. ಮೈದುನನಿಗೆ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು.

ದೀಪ ಆರಿಸಿ ಪರದೆಯ ಮೇಲೆ ಚಿತ್ರ ತೋರಿಸುತ್ತ ಮೇಡಂ ಮಾತನಾಡಿದಳು. ನಲವತ್ತರ ಆಸುಪಾಸಿನ ಹೆಂಗಸು, ಒಳ್ಳೆಯ ಧ್ವನಿ, ಹೇಳುವುದರ ಮೇಲೆ ಪ್ರೀತಿಯಿತ್ತು. ಅದೇ ಅಜ್ಜಿಗೆ ಇನ್ನೂ ಕೆಟ್ಟದ್ದೆನಿಸಿತು. ಹದಿನೇಳನೆಯ ಮನೆ ಪರದೆಗೆ ಬಂತು.

"ಪಶ್ಚಿಮದ ಗೋಡೆಗೆ ಕಪ್ಪು ಇಟ್ಟಿಗೆಗಳನ್ನೇ ಆರಿಸಿ, ಸಂಜೆಯ ಬೆಳಕಿನಲ್ಲಿ ಹೊಳೆಯುವಂತೆ ಮಾಡಿದ್ದಾರೆ. ಉತ್ತರದ ಗೋಡೆಯಲ್ಲಿ ಇಟ್ಟಿಗೆಯ ಬರೀ ತಲೆಗಳು ಕಾಣುವ ಅಪರೂಪದ ಜೋಡಣೆ. ಅಡುಗೆಮನೆಯ ಜಾಲರಿ ಗೋಡೆಯಂತೂ ಗಾಳಿ ಬೆಳಕಿನ ಬಗ್ಗೆ ಯಜಮಾನರಿಗಿದ್ದ ಸೂಕ್ಷ್ಮ ದೃಷ್ಟಿಗೆ..."

"ಏನಂತಾಳೆ?" ಎಂದ ಮೈದುನ.

"ಕಂಡಿ ಬಿಟ್ಟದ್ದು ಯಜಮಾನ್ರಂತೆ" ಎಂದು ಅಜ್ಜಿ ಅವನ ಕಿವಿಗೆ ಬಾಯಿಟ್ಟು ಹೇಳಿದಳು.

"ಇಟ್ಟಿಗೆ ಸಾಲದೆ ಬಿಟ್ಟಿದ್ದಲ್ವಾ ಅತ್ತಿಗೆ ಅದು?"

ಸಭೆಯೆಲ್ಲ ತಿರುಗಿತು. ಯಾರೋ ದೀಪ ಹಾಕಿದರು. ಅಜ್ಜಿ ಎದ್ದು ನಿಂತಿದ್ದಳು.

"ನಾನು ಆ ಮನೆಯವಳು. ಅದನ್ನ ಕಟ್ಟಿದೋಳು. ಇವನು ಕರಣೆ ಹಿಡಿದೋನು. ನನ್ನ ಗಂಡ ಇದ್ದಿದ್ರೆ ಅವನೂ ಬರ್ತಿದ್ದ. ಕರ್ರಗಿರೋ ಇಟ್ಟಿಗೆ ಸಂಜೆ ಹೊಳೀಲಿ ಅಂತಲ್ಲ ತಾಯಿ, ಮಳೆ ಒಳಗೆ ಬರದಿರಲಿ ಅಂತ. ತಲೆ ಮಾತ್ರ ಕಾಣೋದ್ಯಾಕೆ ಅಂದ್ರೆ ಅದಕ್ಕೆ ಮುಂಡ ಇಲ್ಲ. ಒಡೆದು ರಸ್ತೆಗೆ ಎಸೆದಿದ್ದ ಚೂರು ಅವು. ಒಡೆಸಿದ್ದು ಇದೇ ಮಮತೆ ಯಜಮಾನ್ರು."

ಮುಂದಿನ ಸಾಲಿನಿಂದ ಮೊಮ್ಮಗ ಎದ್ದ. ಚಿಕ್ಕ ಯಜಮಾನ ಎಂದೇ ಊರು ಕರೆಯುವ ಐವತ್ತರ ಮನುಷ್ಯ. ಪುಸ್ತಕದ ಖರ್ಚು ಅವನದ್ದೇ. ಕೈ ಮುಗಿದು, ನಗುನಗುತ್ತ ಹೇಳಿದ: "ಅಜ್ಜಿ ನಮ್ಮ ಗೂಡಲ್ಲೇ ದುಡಿದವರು. ನಮಗೆ ಮನೆಯವರಿದ್ದ ಹಾಗೆ. ವಯಸ್ಸಾಗಿದೆ, ಒಂದಕ್ಕೊಂದು ಕಲೆಸಿಹೋಗುತ್ತೆ. ಆ ಗೋಡೆಯ ಒಂದೊಂದು ಇಟ್ಟಿಗೆಯೂ ನಮ್ಮ ತಾತನ ಗೂಡಿನದ್ದು ಅನ್ನೋದನ್ನ ಅವರೂ ಇಲ್ಲ ಅನ್ನಲ್ಲ. ಅಷ್ಟು ಇಟ್ಟಿಗೆ ತಾತ ಕೊಡದೆ ಅಲ್ಲಿಗೆ ಹೇಗೆ ಹೋಯ್ತು, ನೀವೇ ಹೇಳಿ?"

ಮಾತು ಜಾಣತನದ್ದು. ಕೊಟ್ಟದ್ದು ಎಂದು ಒಪ್ಪಿದರೆ ಮಮತೆ, ಅಲ್ಲ ಎಂದರೆ ಕಳ್ಳತನ. ಕೆಲವರು ತಲೆಯಾಡಿಸಿದರು. ಮಗಳು ಅಮ್ಮನ ಸೆರಗು ಜಗ್ಗಿದಳು.

"ನಾಳೆ ಬನ್ನಿ" ಎಂದಳು ಮೇಡಂ ಕಡೆ ತಿರುಗಿ. ಚಿಕ್ಕ ಯಜಮಾನನ ಕಡೆ ನೋಡಲೇ ಇಲ್ಲ. "ನೀವೇ ಬನ್ನಿ. ಯಾವ ಗೋಡೇಲಿ ಬೇಕಾದ್ರೂ, ಎಲ್ಲಿ ಬೇಕಾದ್ರೂ ಬೆರಳಿಡಿ. ಅಲ್ಲಿಂದ ಇಟ್ಟಿಗೆ ತೆಗೆದು ತೋರಿಸ್ತೀನಿ. ಇಟ್ಟಿಗೆ ಹೇಗೆ ಹೋಯ್ತು ಅಂತ ಇಟ್ಟಿಗೇನೇ ಕೇಳಿ."

ಮೇಡಂ ಬಂದಳು. ಬೆಳಿಗ್ಗೆ ಎಂಟಕ್ಕೇ, ಒಬ್ಬಳೇ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಮೈದುನ ಉಳಿ ಸುತ್ತಿಗೆ ಹಿಡಿದು ಕಾಯುತ್ತಿದ್ದ. ಅವಳು ಪಡುವಣ ಗೋಡೆಯಲ್ಲಿ ಎರಡು, ಬಡಗಣದಲ್ಲಿ ಎರಡು, ಒಳಗಿನ ಗೋಡೆಯಲ್ಲಿ ಎರಡು ಜಾಗ ತೋರಿಸಿದಳು. ಬೇಕೆಂದೇ ಒಂದಕ್ಕೊಂದು ದೂರವಿರುವಂತೆ, ಒಂದು ತಲೆಯೆತ್ತರದಲ್ಲಿ, ಒಂದು ಮಂಡಿಯ ಕೆಳಗೆ. ಸುಣ್ಣದ ಗಾರೆ, ಅದಕ್ಕೆ ಇಟ್ಟಿಗೆ ನೋವಿಲ್ಲದೆ ಬಂತು. ಒಂದೊಂದನ್ನೂ ಮೈದುನ ಮಗುವನ್ನು ಎತ್ತಿದಂತೆ ಎತ್ತಿ ಮೆಟ್ಟಿಲ ಮೇಲೆ ಮಲಗಿಸಿದ. ಅಜ್ಜಿ ಪೊರಕೆ ಕಡ್ಡಿಯಿಂದ ಗಾರೆ ಕೆರೆದು ನೀರು ಹಾಕಿದಳು.

ಆರರಲ್ಲೂ ಕಿರುಬೆರಳಿನ ಕುಳಿ. ಇಡಿಯವಕ್ಕೆ ಎರಡೆರಡು, ತುಂಡುಗಳಿಗೆ ಒಂದೊಂದು. ಅಜ್ಜಿ ತನ್ನ ಕಿರುಬೆರಳನ್ನು ಒಂದರಲ್ಲಿ ಇಟ್ಟಳು. ಈಗ ಬೆರಳು ಬಾತಿತ್ತು, ಕುಳಿಯೊಳಗೆ ಪೂರ್ತಿ ಇಳಿಯಲಿಲ್ಲ.

"ಎಲ್ಲ ನಿಮ್ಮದೇ ಅಚ್ಚಾ?" ಎಂದು ಮೇಡಂ ಕೇಳಿದಳು.

"ಗೂಡಲ್ಲಿ ಹದಿನೆಂಟು ಜನ ಅಚ್ಚಿನವರಿದ್ವಿ. ಒಬ್ಬೊಬ್ರಿಗೆ ಒಂದೊಂದು ಗುರುತು. ಇದು ನಂದು."

ಮೇಡಂ ನೆಲದ ಮೇಲೆ ಕುಕ್ಕರಿಸಿ ಒಂದೊಂದನ್ನೂ ತಿರುವಿ ನೋಡಿದಳು. ಒಂದು ಕರಗಿದ್ದು, ಒಂದು ಬಿರುಕಿನದ್ದು, ಒಂದು ಬಿಳಚು, ಒಂದು ಸೊಟ್ಟ, ಎರಡು ಚೂರು. ಮಾರುವಂಥ ಇಟ್ಟಿಗೆ ಒಂದೂ ಇರಲಿಲ್ಲ. ಕೊನೆಗೆ ಹೇಳಿದಳು: "ಯಜಮಾನರು ಮನೆ ಕಟ್ಟಿಸಿಕೊಡೋದಾಗಿದ್ರೆ ಹದಿನೆಂಟು ಜನರ ಇಟ್ಟಿಗೆಯೂ ಬೆರೆತಿರ್ತಿತ್ತು. ಒಬ್ಬಳದ್ದೇ, ಅದೂ ಕೆಟ್ಟದ್ದನ್ನೇ ಹುಡುಕಿ ಕೊಡೋದು ಸಾಧ್ಯವೇ ಇಲ್ಲ. ನಾನು ನಿಮ್ಮನ್ನ ಕೇಳಬೇಕಿತ್ತು ಅಜ್ಜಿ."

"ಹೌದು. ಕೇಳಬೇಕಿತ್ತು."

ಅಯ್ಯೋ ಬಿಡಿ ತಾಯಿ ಎಂದು ಅಜ್ಜಿ ಹೇಳಬಹುದೆಂದು ಮಗಳು ಕಾದಳು. ಅಜ್ಜಿ ಹೇಳಲಿಲ್ಲ. "ಮೂರು ದಿನ ನೀರು ಕೊಟ್ಟೆ ನಿಮಗೆ. ಲೋಟ ವಾಪಸ್ ಕೊಡೋವಾಗಲಾದ್ರೂ ಕೇಳಬಹುದಿತ್ತು." ಆಮೇಲೆ ಒಳಗೆ ಹೋಗಿ ಚಹಾ ಇಟ್ಟಳು. ಮೇಡಂ ಚೀಲದಿಂದ ಬರೆಯುವ ಪುಸ್ತಕ ತೆಗೆದಳು. ಗೇಟಿನ ವಿಷಯವನ್ನು ಅಜ್ಜಿ ಹೇಳಿದ್ದು ಆವಾಗ. ಹೊಟ್ಟೆಯಲ್ಲಿದ್ದಾಗಲೇ ತಾನೂ ಆ ಗೇಟಿನಲ್ಲಿ ನಿಂತಿದ್ದೆನೆಂದು ಮಗಳಿಗೂ ಅಂದೇ ತಿಳಿದದ್ದು. ಅವಳು ಎದ್ದು ಅಡುಗೆಮನೆಗೆ ಹೋಗಿ ಆ ಜಾಲರಿ ಗೋಡೆಗೆ ಹಣೆ ಹಚ್ಚಿ ನಿಂತಳು.

ಮೇಡಂ ನಗರಸಭೆಗೆ ತಿದ್ದುಪಡಿ ಬರೆದು ಕಳಿಸಿದಳು. ಅಲ್ಲಿಂದ ಒಂದು ವಾರದಲ್ಲೇ ಕಾಗದ ಬಂತು. ಆದರೆ ಅಜ್ಜಿಯ ಹೆಸರಿಗೆ. ಮಗಳು ಓದಿದಳು: ಪಾರಂಪರಿಕ ಕಟ್ಟಡದ ಆರು ಇಟ್ಟಿಗೆಗಳನ್ನು ಅನುಮತಿಯಿಲ್ಲದೆ ಕಿತ್ತು ಹಾನಿ ಮಾಡಲಾಗಿದೆ, ಪರಿಶೀಲನೆ ಆಗುವವರೆಗೆ ಗೋಡೆಯನ್ನು ಮುಟ್ಟತಕ್ಕದ್ದಲ್ಲ.

"ನನ್ನ ಇಟ್ಟಿಗೇನ ನಾನು ತೆಗೆದ್ರೆ ಆವತ್ತೂ ಕಳ್ಳತನ, ಇವತ್ತೂ ಅಪರಾಧ" ಎಂದಳು ಅಜ್ಜಿ. "ಅವ್ರು ಡ್ರಿಲ್ಲಿಂದ ಕೊರೆದದ್ದು ಮಾತ್ರ ಗೌರವ."

ಪರಿಶೀಲನೆಗೆ ಯಾರೂ ಬರಲಿಲ್ಲ. ಎರಡು ತಿಂಗಳಾಯಿತು. ಗೋಡೆಯ ಆರು ಬಾಯಿಗಳಿಗೆ ಪ್ಲಾಸ್ಟಿಕ್ ಹಾಳೆ ತುರುಕಿ ಕುಳಿತಿದ್ದಾಯಿತು. ನಡುವೆ ನಗರಸಭೆಯಿಂದ ಹೊಸ ಬೋರ್ಡಿನ ಕರಡು ಬಂತು: ಕಾರ್ಮಿಕ ಕುಟುಂಬವೊಂದು ಯಜಮಾನರ ಸಹಕಾರದಿಂದ ಕಟ್ಟಿಕೊಂಡ ಮನೆ. ಅಜ್ಜಿ ಸಹಕಾರ ಎಂದರೇನೆಂದು ಮಗಳನ್ನು ಕೇಳಿ ತಿಳಿದುಕೊಂಡಳು. ಆಮೇಲೆ ಅದೇ ಕಾಗದದ ಹಿಂದೆ ಬರೆಸಿದಳು: "ಎರಡು ಇಟ್ಟಿಗೆ ತಲೆಯ ಮೇಲೆ ಇಟ್ಟು ನಿಲ್ಲಿಸುವುದಕ್ಕೆ ಸಹಕಾರ ಎನ್ನುವುದಾದರೆ ಬೋರ್ಡನ್ನು ಗೇಟಿಗೆ ಹಾಕಿ, ನನ್ನ ಮನೆಗೆ ಬೇಡ." ಕೆಳಗೆ ಹೆಬ್ಬೆಟ್ಟು ಒತ್ತಿದಳು. ಮಗಳು ಸ್ವಲ್ಪ ಮೆತ್ತಗೆ ಬರೆಯೋಣವೇ ಎಂದದ್ದಕ್ಕೆ, ಮೆತ್ತಗಿರುವುದು ಹಸಿ ಇಟ್ಟಿಗೆ, ಕಾಲಿಟ್ಟರೆ ಚಪ್ಪಟೆಯಾಗುತ್ತದೆ ಎಂಬ ಉತ್ತರ ಸಿಕ್ಕಿತು.

ಇದಕ್ಕೆ ಬಂದ ಕೊನೆಯ ಕಾಗದದಲ್ಲಿ, ಹದಿನೇಳನೆಯ ಕಟ್ಟಡದ ಇತಿಹಾಸ ವಿವಾದಿತವಾಗಿರುವುದರಿಂದ ಪಟ್ಟಿಯಿಂದ ಕೈಬಿಡಲಾಗಿದೆ ಎಂದಿತ್ತು. ಅದೇ ಇಬ್ಬರು ಏಣಿ ತಂದು ಫಲಕ ಬಿಚ್ಚಿಕೊಂಡು ಹೋದರು. ಅಜ್ಜಿ ಬಾಗಿಲಲ್ಲಿ ಕುಳಿತು ನೋಡಿದಳು. "ಗೋಡೆ ನೆಟ್ಟಗಿದೆ, ಕಮಾನು ನೆಟ್ಟಗಿದೆ. ಇದರಲ್ಲಿ ವಿವಾದ ಎಲ್ಲಿಂದ ಬಂತೋ" ಎಂದು ಕೇಳಿದ್ದಕ್ಕೆ ಏಣಿಯವನು, ನಂಗೇನು ಗೊತ್ತಜ್ಜಿ, ಬಿಚ್ಚು ಅಂದ್ರು ಬಿಚ್ಚಿದೆ ಎಂದ.

ಮೇಡಂ ಮಾತ್ರ ಸುಮ್ಮನಿರಲಿಲ್ಲ. ಚಿಕ್ಕ ಯಜಮಾನನ ಹಣ ಬೇಡವೆಂದು, ಆ ಒಂದು ಮನೆಯ ಬಗ್ಗೆಯೇ ನಲವತ್ತು ಪುಟದ ಬೇರೆ ಪುಸ್ತಕ ಬರೆಯಲು ಕುಳಿತಳು. ಗೋಡೆಗೊಂದು ಅಧ್ಯಾಯ. ರಜೆಯ ದಿನ ಬಂದು ಬರೆದದ್ದನ್ನು ಓದುತ್ತಿದ್ದಳು, ಅಜ್ಜಿ ತಿದ್ದುತ್ತಿದ್ದಳು, ಮೈದುನ ಕೇಳಿಸದಿದ್ದರೂ ತಲೆಯಾಡಿಸುತ್ತಿದ್ದ. ಚಿಕ್ಕ ಯಜಮಾನ ವಕೀಲರಿಂದ ನೋಟಿಸು ಕೊಡಿಸುತ್ತೇನೆಂದು ಹೇಳಿ ಕಳಿಸಿದ. ಕೊಡಲಿ, ಅದನ್ನೂ ಅಚ್ಚು ಹಾಕಿಸುತ್ತೇನೆ ಎಂದು ಮೇಡಂ ಹೇಳಿದ ದಿನ ಅಜ್ಜಿ ಮೊದಲ ಸಲ ಅವಳನ್ನು "ನೀನು" ಎಂದಳು.

ಮಳೆಗಾಲ ಹತ್ತಿರ ಬಂದು ಆಕಾಶ ಕಪ್ಪಿಡತೊಡಗಿತ್ತು. ಗೋಡೆ ಮುಟ್ಟಬಾರದೆಂಬ ಕಾಗದವನ್ನು ಮಾತ್ರ ಯಾರೂ ರದ್ದು ಮಾಡಿರಲಿಲ್ಲ. ಇನ್ನು ಅಪ್ಪಣೆ ಕಾಯುವುದಿಲ್ಲ ಎಂದು ಅಜ್ಜಿ ಸುಣ್ಣ ನೆನೆಸಿದಳು. ಮೈದುನ ಆರು ಬಾಯಿಗಳನ್ನೂ ತೊಳೆದು ಗಾರೆ ಹಚ್ಚಿ, ಐದು ಇಟ್ಟಿಗೆಗಳನ್ನು ಮೊದಲಿದ್ದ ಹಾಗೆಯೇ ಮಲಗಿಸಿ ಕೂರಿಸಿದ. ಆರನೆಯದನ್ನು ಕೈಗೆತ್ತಿಕೊಂಡಾಗ ಮೇಡಂ ತಡೆದಳು.

"ಅಜ್ಜಿ, ಇದೊಂದನ್ನ ಪಕ್ಕಕ್ಕೆ ಹೊರಳಿಸಿ, ಕುಳಿ ಹೊರಗೆ ಕಾಣೋ ಹಾಗೆ ಇಡಬಾರದಾ? ಬೋರ್ಡೇ ಬೇಡ. ಬಂದವರೆಲ್ಲ ನಿಮ್ಮ ಬೆರಳು ನೋಡ್ತಾರೆ."

ಮಗಳ ಕಣ್ಣು ಅರಳಿತು. ಮೈದುನನಿಗೂ ಮಗಳು ಸನ್ನೆ ಮಾಡಿ ತಿಳಿಸಿದಳು, ಅವನೂ ಹೂಂಗುಟ್ಟಿದ.

ಅಜ್ಜಿ ಮೂವರನ್ನೂ ಒಂದು ಸುತ್ತು ನೋಡಿದಳು.

"ಪಡುವಣ ಗೋಡೆ ಅದು. ಕುಳಿ ಹೊರಗಿಟ್ರೆ ನೀರು ನಿಲ್ಲುತ್ತೆ. ನಿಂತ ನೀರು ಗಾರೆ ತಿನ್ನುತ್ತೆ. ಹತ್ತು ಮಳೆಗೆ ಆ ಇಟ್ಟಿಗೆ ಸಡಿಲ, ಇಪ್ಪತ್ತಕ್ಕೆ ಅದರ ಪಕ್ಕದ್ದೂ ಸಡಿಲ. ನನ್ನ ಬೆರಳು ತೋರ್ಸೋಕೆ ನನ್ನ ಗೋಡೆ ಕೆಡಿಸ್ತೀರಾ? ನಲವತ್ತು ಪುಟ ಬರೀತೀಯ, ಇಷ್ಟು ಗೊತ್ತಾಗಲ್ವಾ ನಿಂಗೆ?" ಮೈದುನನ ಕಿವಿಯ ಹತ್ತಿರ ಬಾಯಿಟ್ಟು ಗದರಿಸಿದಳು. "ಸುಮ್ನೆ ಮಲಗಿಸಿ ಇಡೋ. ಗಾರೆ ಗಟ್ಟಿಯಾಗ್ತಿದೆ."

ಅವನು ಹಾಗೆಯೇ ಇಟ್ಟ. ಅಜ್ಜಿ ಸಂದಿಯನ್ನು ಬೆರಳಿನಿಂದ ಒತ್ತಿ ಸವರಿ, ಹೆಚ್ಚಾದದ್ದನ್ನು ತೆಗೆದು ಗಾರೆಯ ಬಾಣಲೆಗೆ ಹಾಕಿದಳು.